ಕೊಲೊರಾತುರಾ ಸೊಪ್ರಾನೊ: ಎತ್ತರ ಮುಖ್ಯವೋ, ಓಟ ಮುಖ್ಯವೋ?

ತಾರಷಡ್ಜ

ಎಲ್ಲರಿಗೂ ನಮಸ್ಕಾರ. ಮೊಟ್ಸಾರ್ಟನ 'ದಿ ಮ್ಯಾಜಿಕ್ ಫ್ಲೂಟ್' ಆಪೆರಾದಲ್ಲಿ ರಾತ್ರಿಯ ರಾಣಿ ಎಂಬ ಸೊಪ್ರಾನೊ (ಅತಿ ಎತ್ತರದ ಹೆಣ್ಣು ದನಿ) ಪಾತ್ರ ಹಾಡುವ ಎರಡನೇ ಆರಿಯಾ (ಒಬ್ಬರೇ ಹಾಡುವ ಹಾಡು), 'ದೇರ್ ಹೋಲೆ ರಾಖೆ', ಇಲ್ಲಿ ಬಹಳ ಜನ ಕೇಳಿರುತ್ತೀರಿ. ಅದರ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಆ ತುದಿಯ ಎಫ್ ಸ್ವರದ ಹತ್ತಿರವೇ ನಿಂತುಬಿಡುತ್ತದೆ. ಕರ್ನಾಟಕ ಸಂಗೀತದ ಲೆಕ್ಕಕ್ಕೆ ತಂದು ನೋಡೋಣ. ಐದು ಮನೆ ಶ್ರುತಿಯಲ್ಲಿ ಹಾಡುವ ಹೆಣ್ಣು ದನಿಗೆ ಮಧ್ಯಷಡ್ಜ ಜಿ3, ತಾರಷಡ್ಜ ಜಿ4 (ಅಕ್ಷರ ಪಾಶ್ಚಾತ್ಯ ಸ್ವರದ ಹೆಸರು, ಅಂಕೆ ಸ್ಥಾಯಿಯ ಸಂಖ್ಯೆ). ಕಛೇರಿಯಲ್ಲಿ ತಾರಸ್ಥಾಯಿಯ ಪಂಚಮ ಮುಟ್ಟಿದರೆ ಅದು ಡಿ5, ಬಹುಪಾಲು ಕೃತಿಗಳಿಗೆ ಅಷ್ಟು ಸಾಕು. ರಾಣಿಯ ಎಫ್6 ಅದಕ್ಕಿಂತ ಒಂದು ಸ್ಥಾಯಿಯ ಮೇಲೆ ಇನ್ನೂ ಮೂರು ಅರ್ಧಸ್ವರ (ಹಾರ್ಮೋನಿಯಂನ ಪಕ್ಕಪಕ್ಕದ ಮನೆಗಳ ಅಂತರ) ಎತ್ತರ. ಇದೇ ಶ್ರುತಿಯಲ್ಲಿ ಅತಿತಾರಸ್ಥಾಯಿಯ ಕೈಶಿಕಿ ನಿಷಾದ ಎಂದ ಹಾಗಾಯಿತು.

ನನ್ನ ಪ್ರಶ್ನೆ ಎರಡು. ಕೊಲೊರಾತುರಾ ಅನ್ನುವ ಹೆಸರು ಈ ಎತ್ತರಕ್ಕೆ ಕೊಟ್ಟದ್ದೋ, ಓಟಕ್ಕೆ ಕೊಟ್ಟದ್ದೋ? ಅಭ್ಯಾಸದಲ್ಲಿ ಮೊದಲು ಕಟ್ಟಬೇಕಾದ್ದು ಯಾವುದು?

ಮೇಲ್ಮಹಡಿ

ಹೆಸರು ಓಟಕ್ಕೇ ಸರ್. ಇಟಾಲಿಯನ್ ಪದ, ಬಣ್ಣ ಹಚ್ಚುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ನೇರವಾದ ಸ್ವರಸಾಲನ್ನು ಒಡೆದು, ಸಣ್ಣ ಸಣ್ಣ ಸ್ವರಗಳಿಂದ ತುಂಬಿ ಓಡಿಸುವುದು ಕೊಲೊರಾತುರಾ. ಅದು ಯಾವ ದನಿಗಾದರೂ ಬರಬಹುದು. ಹ್ಯಾಂಡೆಲನ 'ಮೆಸ್ಸೈಯ'ದಲ್ಲಿ ಬೇಸ್ (ಅತಿ ತಗ್ಗಿನ ಗಂಡು ದನಿ) ಗಾಯಕನಿಗೆ ಉದ್ದುದ್ದದ ಓಟಗಳಿವೆ. ರೊಸ್ಸೀನಿಯ 'ಸೆವಿಲ್ಲೆಯ ಕ್ಷೌರಿಕ' (1816) ಆಪೆರಾದ ರೊಸೀನಾ ಪಾತ್ರವನ್ನೇ ತಗೊಳ್ಳಿ. 'ಊನಾ ವೋಚೆ ಪೋಕೊ ಫಾ' ಬರೆದದ್ದು ತಗ್ಗಿನ ಹೆಣ್ಣು ದನಿಗೆ, ಇ ಮೇಜರ್ ಶ್ರುತಿಯಲ್ಲಿ. ಆಮೇಲೆ ಸೊಪ್ರಾನೊಗಳು ಅದನ್ನು ಎಫ್ ಮೇಜರ್‌ಗೆ ಏರಿಸಿ, ಮೇಲಿನ ಅಲಂಕಾರ ಸೇರಿಸಿ ತಮ್ಮದಾಗಿಸಿಕೊಂಡರು. ಈಗ ಎರಡೂ ನಡೆಯುತ್ತದೆ.

ಕೊಲೊರಾತುರಾ ಸೊಪ್ರಾನೊ ಎಂದಾಗ ಮಾತ್ರ ಎರಡು ಗುಣ ಕೂಡಿದ ದನಿ ಅಂತ ಅರ್ಥ. ಓಟವೂ ಬೇಕು, ಸಿ6ರ ಮೇಲೆ ಆರಾಮಾಗಿ ಕೆಲಸ ಮಾಡುವ ತುದಿಯೂ ಬೇಕು. ಜರ್ಮನ್ ರಂಗಮಂದಿರಗಳು ಪಾತ್ರ ಹಂಚುವಾಗ ಇದನ್ನೂ ಎರಡಾಗಿ ಒಡೆಯುತ್ತವೆ. ಹಗುರ ದನಿ ಲಿರಿಕ್ ಕೊಲೊರಾತುರಾ: ಓಫೆನ್‌ಬಾಖ್‌ನ ಗೊಂಬೆ ಒಲಿಂಪಿಯಾ, ದೆಲೀಬ್‌ನ ಲಕ್ಮೆ, ಸ್ಟ್ರೌಸ್‌ನ ಜರ್ಬಿನೆಟ್ಟಾ ಪಾತ್ರಗಳು ಇದಕ್ಕೆ. ತೂಕದ ದನಿ ಡ್ರಮ್ಯಾಟಿಕ್ ಕೊಲೊರಾತುರಾ: ರಾತ್ರಿಯ ರಾಣಿ, ಮೊಟ್ಸಾರ್ಟನದೇ ಕೊನ್‌ಸ್ಟಾಂಟ್ಸೆ, ಬೆಲ್ಲೀನಿಯ ನೋರ್ಮಾ. ದೊನಿಜೆಟ್ಟಿಯ ಲುಚಿಯಾ ಮಾತ್ರ ಎರಡೂ ಬಗೆಯವರ ಪಾಲಿಗೆ ಬಂದಿದ್ದಾಳೆ. 1931ರಲ್ಲಿ ನ್ಯೂಯಾರ್ಕ್‌ನ ಮೆಟ್ ಆಪೆರಾ ರಂಗಮಂದಿರದಲ್ಲಿ ಲಿಲಿ ಪೋನ್ಸ್ ಮೊದಲ ಸಲ ಹಾಡಿದ್ದು ಲುಚಿಯಾ, ಅದು ಹಕ್ಕಿಯಷ್ಟು ಹಗುರ ದನಿ. 1959ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಜೋನ್ ಸದರ್ಲೆಂಡ್ ಹಾಡಿದ್ದೂ ಲುಚಿಯಾ, ಆ ದನಿಯ ಗಾತ್ರವೇ ಬೇರೆ.

ಸಂಗೀತಕಾರರು ಎದುರಿಗಿದ್ದ ಗಂಟಲನ್ನು ನೋಡಿ ಅಳತೆಗೆ ಹೊಲಿದವರು ಅನ್ನುವುದನ್ನು ಮರೆಯಬಾರದು. ರಾಣಿಯ ಪಾತ್ರ ಮೊಟ್ಸಾರ್ಟನ ಹೆಂಡತಿಯ ಅಕ್ಕ ಯೊಸೇಫಾ ಹೋಫರ್‌ಗಾಗಿ ಬರೆದದ್ದು, 1791ರ ಸೆಪ್ಟೆಂಬರ್ 30ರಂದು ವಿಯೆನ್ನಾದಲ್ಲಿ ಮೊದಲ ಪ್ರದರ್ಶನ. ಆಕೆಯ ತಂಗಿ ಅಲೋಯ್ಸಿಯಾಗೆ ಬರೆದ 'ಪೊಪೊಲಿ ದಿ ತೆಸ್ಸಾಲಿಯಾ' ಎಂಬ ಬಿಡಿ ಆರಿಯಾದಲ್ಲಿ ಜಿ6 ಇದೆ, ರಾಣಿಗಿಂತ ಒಂದು ಪೂರ್ಣ ಸ್ವರ ಮೇಲೆ.

ನಾದತಂತು

ಎತ್ತರದ ಭೌತಿಕ ಭಾಗ ನಾನು ಬರೆಯುತ್ತೇನೆ. ಇಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ.

ಎಫ್6 ಅಂದರೆ ಸುಮಾರು 1397 ಹರ್ಟ್ಜ್. ಧ್ವನಿತಂತುಗಳು ಸೆಕೆಂಡಿಗೆ ಅಷ್ಟು ಸಲ ಕಂಪಿಸಬೇಕು. ಹೆಂಗಸರು ಮಾತಾಡುವಾಗ ಇದು 200ರ ಆಸುಪಾಸು. ಇಷ್ಟು ವೇಗ ಬರಬೇಕಾದರೆ ತಂತುಗಳು ಉದ್ದಕ್ಕೆ ಎಳೆದುಕೊಂಡು ತೆಳ್ಳಗಾಗಬೇಕು, ಅಂಚು ಮಾತ್ರ ಮಿಡಿಯಬೇಕು. ದಪ್ಪ ತಂತುವನ್ನು ಹಾಗೇ ಇಟ್ಟುಕೊಂಡು ಗಾಳಿಯ ಒತ್ತಡ ಏರಿಸಿ ಮೇಲೆ ಹೋಗಲು ನೋಡುವುದೇ ಮೊದಲ ತಪ್ಪು. ತುದಿಗೆ ಬೇಕಾದ್ದು ಕಡಿಮೆ ಗಾಳಿ, ಅದೂ ಹದವಾಗಿ. ಬಲ ಹಾಕಿದಷ್ಟೂ ತಂತು ದಪ್ಪಗಾಗಿ ಸ್ವರ ಕೆಳಗೆ ಜಗ್ಗುತ್ತದೆ.

ಇನ್ನೊಂದು, ಸ್ವರಾಕ್ಷರದ ಸಮಸ್ಯೆ. ನಾವು 'ಇ' ಅಂದಾಗ ಬಾಯಿಯ ಒಳಗಿನ ಮೊದಲ ಅನುರಣನ (ಬಾಯಿಯ ಪೊಳ್ಳು ತಾನಾಗಿ ಮೊಳಗಿಸುವ ಕಂಪನ) 300 ಹರ್ಟ್ಜ್‌ನ ಹತ್ತಿರ ಇರುತ್ತದೆ, 'ಆ' ಅಂದಾಗ 800-900ರ ಹತ್ತಿರ. ಕಿವಿ 'ಇ'ಯನ್ನು 'ಇ' ಅಂತ ಗುರುತಿಸುವುದು ಇದರಿಂದಲೇ. ಹಾಡುವ ಸ್ವರವೇ 1000 ಹರ್ಟ್ಜ್ ದಾಟಿದಾಗ ಆ 300ರ ಜಾಗದಲ್ಲಿ ನಾದವೇ ಇಲ್ಲ, ಗುರುತಿಸುವುದು ಯಾವುದನ್ನು? ಆದ್ದರಿಂದ ತಾರದ ಸೊಪ್ರಾನೊಗಳ ಎಲ್ಲ ಅಕ್ಷರಗಳೂ ಮೇಲೆ 'ಆ'ಕ್ಕೆ ಸರಿಯುತ್ತವೆ. ಅದನ್ನು ಉಚ್ಚಾರದ ಸೋಮಾರಿತನ ಅನ್ನಬೇಡಿ, ಬೇರೆ ದಾರಿಯಿಲ್ಲ.

ಗಾಯಕಿಯರು ಸ್ವರ ಏರಿದಂತೆ ದವಡೆ ಇಳಿಸುತ್ತಾ ಹೋಗುವುದನ್ನು ನೋಡಿರುತ್ತೀರಿ. ಬಾಯಿ ತೆರೆದಷ್ಟೂ ಮೊದಲ ಅನುರಣನ ಮೇಲಕ್ಕೆ ಸರಿಯುತ್ತದೆ, ಅದನ್ನು ಹಾಡುವ ಸ್ವರದ ಜೊತೆಗೇ ಏರಿಸಿಕೊಂಡು ಹೋದರೆ ಶ್ರಮವಿಲ್ಲದೆ ನಾದ ತುಂಬುತ್ತದೆ. ಸಿ6ರ ಆಸುಪಾಸಿಗೆ ಬಂದಾಗ ಈ ದಾರಿ ಮುಗಿಯುತ್ತದೆ, ದವಡೆ ಇನ್ನೂ ಇಳಿಸಿ ಲಾಭವಿಲ್ಲ. ಅಲ್ಲಿಂದ ಆಚೆಗೆ ಎರಡನೇ ಅನುರಣನವನ್ನು ಹಿಡಿಯಬೇಕು, ಅಂದರೆ ನಾಲಿಗೆಯ ಜಾಗ ಬದಲಾಗಬೇಕು. ಸಿ6 ಚೆನ್ನಾಗಿ ಬರುವ ಎಷ್ಟೋ ದನಿಗಳು ಡಿ6ರಲ್ಲಿ ಗೋಡೆಗೆ ಬಡಿದಂತೆ ನಿಲ್ಲುವುದು ಇಲ್ಲೇ. ಕೆಳಗೆ ಕೆಲಸ ಮಾಡಿದ ಬಾಯಿಯ ಆಕಾರವನ್ನೇ ಮೇಲೂ ದೊಡ್ಡದು ಮಾಡಲು ನೋಡುತ್ತಾರೆ.

ತಾರಷಡ್ಜ

ಧನ್ಯವಾದ. ಹಾಗಾದರೆ ಆ ಎಫ್6 ಫಾಲ್ಸೆಟ್ಟೊನಾ (ತೆಳುವಾಗಿಸಿದ ಮೇಲಿನ ದನಿ), ಸೀಟಿ ದನಿಯಾ? ಎರಡು ಹೆಸರೂ ಕೇಳಿಬರುತ್ತದೆ.

ನಾದತಂತು

ಸೊಪ್ರಾನೊ ತನ್ನ ಬಹುಪಾಲು ಹಾಡುವುದೇ ತಲೆದನಿಯಲ್ಲಿ, ಅದು ಎದೆದನಿಗಿಂತ ಬೇರೆ ಯಂತ್ರ. ಅದರ ಮೇಲೆ, ಡಿ6ರಿಂದ ಎಫ್6ರ ನಡುವೆ ಎಲ್ಲೋ, ಇನ್ನೂ ತೆಳುವಾದ ಒಂದು ನೆಲೆ ಶುರುವಾಗುತ್ತದೆ. ಅದಕ್ಕೆ ಸೀಟಿ ದನಿ ಎಂದೂ ಫ್ಲಾಜೊಲೆಟ್ ಎಂದೂ ಹೇಳುತ್ತಾರೆ. ಹೆಸರು ಕೇಳಿ ಮೋಸ ಹೋಗಬೇಡಿ, ತುಟಿಯಲ್ಲಿ ಸೀಟಿ ಊದಿದ ಹಾಗಲ್ಲ, ತಂತುಗಳು ಕಂಪಿಸುತ್ತಲೇ ಇರುತ್ತವೆ. ಕೇಳುಗನಿಗೆ ಒಂದು ನೆಲೆಯಿಂದ ಇನ್ನೊಂದಕ್ಕೆ ಹೋಗುವ ಕೀಲು ಎಲ್ಲಿದೆ ಎಂದು ತಿಳಿಯಬಾರದು, ತಿಳಿದರೆ ಜೋಡಣೆ ಇನ್ನೂ ಮಾಗಿಲ್ಲ.

ಮೈಕ್ ಇಲ್ಲದೆ ಈ ದನಿ ಆರ್ಕೆಸ್ಟ್ರಾ ದಾಟಿ ಕೇಳಿಸುವುದಕ್ಕೂ ಕಾರಣ ಸರಳ. ವಾದ್ಯವೃಂದದ ಶಕ್ತಿ ಹೆಚ್ಚಾಗಿ 500 ಹರ್ಟ್ಜ್‌ನ ಸುತ್ತ ಇರುತ್ತದೆ, ಮೇಲೆ ಹೋದಂತೆ ಇಳಿಯುತ್ತದೆ. 1000 ದಾಟಿದ ಸೊಪ್ರಾನೊಗೆ ಎದುರಾಳಿ ಕಡಿಮೆ.

ಉಸಿರುತಾಳ

ಈಗ ಎರಡನೇ ಪ್ರಶ್ನೆಗೆ. ಮೊದಲು ಓಟ ಕಟ್ಟಬೇಕು. ಎತ್ತರ ಅದರ ಬೆನ್ನಿಗೇ ಬರುತ್ತದೆ, ಏಕೆಂದರೆ ಓಡುವ ದನಿ ಬಿಗಿಯಾಗಿರಲು ಸಾಧ್ಯವೇ ಇಲ್ಲ. ಕೇವಲ ಎತ್ತರದ ಹಿಂದೆ ಬಿದ್ದವರಿಗೆ ತುದಿಯಲ್ಲಿ ಒಂದು ಕೂಗು ಸಿಗುತ್ತದೆ, ಅದನ್ನು ಹಾಡಿನೊಳಗೆ ಇಡಲು ಆಗುವುದಿಲ್ಲ.

ಶುರು ಮಾಡುವುದು ದನಿ ಕಾಯಿಸುವುದರಿಂದ. ಹತ್ತು ಹದಿನೈದು ನಿಮಿಷ ತುಟಿ ಬುರ್ ಎನಿಸುತ್ತಾ, ಅಥವಾ ತೆಳ್ಳನೆಯ ಸ್ಟ್ರಾ ಬಾಯಲ್ಲಿಟ್ಟು ಅದರೊಳಗೆ ಹಾಡುತ್ತಾ, ಐದು ಸ್ವರ ಏರಿ ಇಳಿಯುವುದು. ತುಟಿ ನಿಂತುಹೋದರೆ ಗಾಳಿ ಕಡಿತಗೊಂಡಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಸ್ಟ್ರಾ ಬಾಯಿಯೊಳಗೆ ಸ್ವಲ್ಪ ಒತ್ತಡ ಹಿಂದಕ್ಕೆ ಕೊಡುವುದರಿಂದ ತಂತುಗಳು ಒಂದಕ್ಕೊಂದು ಜೋರಾಗಿ ಬಡಿಯುವುದಿಲ್ಲ.

ಆಮೇಲೆ ಐದು ಸ್ವರದ ಓಟ 'ಆ'ದಲ್ಲಿ, ಮೆಟ್ರೊನೋಮ್ (ಬೀಟ್ ಎಣಿಸುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು ಒಂದು ಬೀಟ್‌ಗೆ ನಾಲ್ಕು ಸ್ವರ. ಸೆಕೆಂಡಿಗೆ ನಾಲ್ಕು ಸ್ವರ ಆಯಿತು, ಇದು ಯಾರಿಗಾದರೂ ಬರುತ್ತದೆ. ಮೂರು ಸಲ ಸತತವಾಗಿ ಶುದ್ಧವಾಗಿ ಬಂದರೆ ನಾಲ್ಕು ಅಂಕ ಏರಿಸಿ. 120 ಮುಟ್ಟಿದಾಗ ಸೆಕೆಂಡಿಗೆ ಎಂಟು ಸ್ವರ, ಆಪೆರಾದ ಬಹುಪಾಲು ಓಟಗಳು ಅಲ್ಲೇ ಆಸುಪಾಸಿನಲ್ಲಿವೆ. ಐದು ಸ್ವರ ನಿಂತ ಮೇಲೆ ಒಂಬತ್ತು ಸ್ವರ, ಅದಾದ ಮೇಲೆ ಎರಡು ಸ್ಥಾಯಿಯ ಸಾಲು.

ತಪ್ಪುಗಳಲ್ಲಿ ಮೊದಲನೆಯದು 'ಹ'ಕಾರ. ಆ-ಹ-ಹ-ಹ-ಹ ಎಂದು ಪ್ರತಿ ಸ್ವರಕ್ಕೂ ಗಾಳಿ ಬಿಡುವುದು. ಸ್ವರ ಬಿಡಿಸಿ ಕೇಳುತ್ತದೆ ಎಂಬ ಭ್ರಮೆ ಹುಟ್ಟಿಸುತ್ತದೆ, ಆದರೆ ಉಸಿರು ಅರ್ಧ ಸಾಲಿಗೇ ಖಾಲಿ. ಅಂಗೈಯನ್ನು ಬಾಯಿಯ ಮುಂದೆ ಒಂದು ಗೇಣು ದೂರ ಹಿಡಿಯಿರಿ. ಪ್ರತಿ ಸ್ವರಕ್ಕೂ ಬಿಸಿ ಗಾಳಿ ಬಡಿದರೆ ಹಕಾರ ಇದೆ. ಅದರ ವಿರುದ್ಧ ತುದಿಯ ತಪ್ಪು ಎಂದರೆ ಎಲ್ಲವನ್ನೂ ಜಾರಿಸಿಬಿಡುವುದು, ಏಳು ಸ್ವರ ಹೋಗಿ ಒಂದು ಗೆರೆಯಾಗುತ್ತದೆ. ಎರಡರ ನಡುವೆ ನಿಲ್ಲುವುದು ಹೊಟ್ಟೆಯ ಗೋಡೆಯ ಬಹಳ ಸಣ್ಣ ಮಿಡಿತದಿಂದ. ಪಕ್ಕೆಲುಬು ಅಗಲವಾಗೇ ಇರಲಿ, ಹೊಕ್ಕುಳ ಮೇಲೆ ಬೆರಳಿಟ್ಟರೆ ನಡುಕ ತಿಳಿಯಬೇಕು, ಕಣ್ಣಿಗೆ ಕಾಣಬಾರದು.

ದವಡೆ ಪ್ರತಿ ಸ್ವರಕ್ಕೂ ಅಲ್ಲಾಡುತ್ತಿದ್ದರೆ ಕನ್ನಡಿ ಎದುರು ನಿಂತು, ಎರಡು ತೋರುಬೆರಳನ್ನು ಕಿವಿಯ ಮುಂದೆ ಕೀಲಿನ ಮೇಲಿಟ್ಟು ಹಾಡಿ. ನಾಲಿಗೆಯ ಬುಡ ಗಟ್ಟಿಯಾದರೆ ಗಲ್ಲದ ಕೆಳಗಿನ ಮೆತ್ತನೆ ಭಾಗಕ್ಕೆ ಹೆಬ್ಬೆರಳು ಒತ್ತಿ ನೋಡಿ, ಅದು ಹಾಡುವಾಗಲೂ ಮೆತ್ತಗೇ ಇರಬೇಕು. ಇಳಿಯುವ ಓಟದಲ್ಲಿ ಕೊನೆಯ ಸ್ವರ ನುಂಗಿಹೋಗುವುದು, ಅರ್ಧಸ್ವರಗಳ ಇಳಿತದಲ್ಲಿ ಹಂತ ದೊಡ್ಡದಾಗಿ ಶ್ರುತಿ ತಗ್ಗುವುದು ಇವೂ ಸಾಮಾನ್ಯ. ಇಳಿತವನ್ನು ಏರಿಕೆಗಿಂತ ಎರಡು ಪಟ್ಟು ಹೊತ್ತು ಸಾಧಿಸಬೇಕು.

ಟ್ರಿಲ್ ಬಗ್ಗೆ ಒಂದು ಮಾತು. ಪಕ್ಕದ ಎರಡು ಸ್ವರಗಳ ನಡುವೆ ಬೇಗ ಬೇಗ ಓಡಾಡುವುದು ಟ್ರಿಲ್. ಒಂದೇ ಸ್ವರದ ಮೇಲೆ ಗಂಟಲು ನಡುಗಿಸಿದರೆ ಮೇಕೆ ಅರಚಿದ ಹಾಗೆ ಕೇಳುತ್ತದೆ. ಇಟಲಿಯವರೂ ಅದಕ್ಕೆ ಮೇಕೆಯ ಹೆಸರನ್ನೇ ಇಟ್ಟಿದ್ದಾರೆ. ನಿಧಾನಕ್ಕೆ ಎರಡು ಸ್ವರ, ಮೂರು, ನಾಲ್ಕು, ಆರು ಎಂದು ಬೀಟ್ ಒಳಗೆ ತುಂಬುತ್ತಾ ಹೋದರೆ ತಿಂಗಳುಗಟ್ಟಲೆ ಹಿಡಿದರೂ ಗಟ್ಟಿಯಾಗಿ ನಿಲ್ಲುತ್ತದೆ.

ಸ್ವರಲಿಪಿ

ಉಸಿರುತಾಳ ಮೇಡಂ, ನಿಧಾನದಿಂದ ಬೇಗಕ್ಕೆ ನಾಲ್ಕು ನಾಲ್ಕು ಅಂಕ ಏರಿಸುವ ಕ್ರಮದ ಬಗ್ಗೆ ನನ್ನ ತಕರಾರು ಇದೆ. ನಿಧಾನವಾಗಿ ಹಾಡುವಾಗ ಪ್ರತಿ ಸ್ವರವನ್ನೂ ದೇಹ ಬೇರೆ ಬೇರೆ ಕೆಲಸ ಎಂದು ಕಲಿಯುತ್ತದೆ. 90ರ ಹತ್ತಿರ ಬಂದಾಗ ಆ ಕಲಿಕೆಯೇ ಅಡ್ಡ ಬರುತ್ತದೆ. ಓಟ ಎನ್ನುವುದು ಗುಂಪು. ಆದ್ದರಿಂದ ಪೂರ್ಣ ವೇಗದಲ್ಲೇ ನಾಲ್ಕು ಸ್ವರ ಹಾಡಿ ಐದನೆಯದರ ಮೇಲೆ ನಿಲ್ಲಬೇಕು. ಅದು ಸಲೀಸಾದರೆ ಎಂಟು ಹಾಡಿ ಒಂಬತ್ತರ ಮೇಲೆ ನಿಲ್ಲಬೇಕು. ಮೆಟ್ರೊನೋಮ್ ಏರಿಸುವ ಬದಲು ಗುಂಪಿನ ಉದ್ದ ಏರಿಸುವುದು.

ವೈಬ್ರೆಟೊ (ಉದ್ದ ಸ್ವರದ ಮೇಲೆ ಬರುವ ಸಣ್ಣ ಅಲೆ) ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ ಐದರಿಂದ ಏಳು ಸಲ. ಓಟ ಸೆಕೆಂಡಿಗೆ ಏಳೆಂಟು ಸ್ವರ ದಾಟಿದ ಮೇಲೆ ಪ್ರತಿ ಸ್ವರದ ಮೇಲೂ ಒಂದು ಪೂರ್ತಿ ಅಲೆ ಹಾಕಲು ಸಮಯವೇ ಇಲ್ಲ. ಅಗಲವಾದ, ನಿಧಾನದ ವೈಬ್ರೆಟೊ ಇರುವ ದನಿಯಲ್ಲಿ ಓಟ ಕಲಸಿಹೋಗುವುದು ಇದಕ್ಕೇ.

ಉಸಿರುತಾಳ

ಒಪ್ಪುತ್ತೇನೆ ಸರ್, ಆದರೆ ಒಂದು ಷರತ್ತು. ಶ್ರುತಿ ಇನ್ನೂ ಗಟ್ಟಿಯಾಗದವರು ನೇರವಾಗಿ ವೇಗಕ್ಕೆ ಹೋದರೆ ತಪ್ಪು ಸ್ವರವೇ ಅಭ್ಯಾಸವಾಗಿ ಕೂತುಬಿಡುತ್ತದೆ, ಆಮೇಲೆ ಕೀಳುವುದು ಕಷ್ಟ. ಮೊದಲು ನಿಧಾನದಲ್ಲಿ ಸ್ವರಸ್ಥಾನ ಕಿವಿಗೆ ಕೂರಿಸಬೇಕು, ಆಮೇಲೆ ನಿಮ್ಮ ಗುಂಪು. ಚುಕ್ಕಿ ಲಯದಲ್ಲಿ, ಅಂದರೆ ಒಂದು ಉದ್ದ ಒಂದು ಗಿಡ್ಡ, ಆಮೇಲೆ ತಿರುಗಿಸಿ ಒಂದು ಗಿಡ್ಡ ಒಂದು ಉದ್ದ, ಹೀಗೆ ಅದೇ ಸಾಲನ್ನು ಹಾಡಿಸಿದರೆ ಎರಡು ವಿಧಾನಕ್ಕೂ ಸೇತುವೆಯಾಗುತ್ತದೆ.

ಸ್ವರಲಿಪಿ

ಹೌದು, ಚುಕ್ಕಿ ಲಯ ಬಹಳ ಒಳ್ಳೆಯದು. ಈಗ ರಾಣಿಯ ಆರಿಯಾವನ್ನೇ ಬಿಡಿಸೋಣ.

ಡಿ ಮೈನರ್, ಸುಮಾರು ಮೂರು ನಿಮಿಷ. ವ್ಯಾಪ್ತಿ ಎಫ್4ರಿಂದ ಎಫ್6, ಸರಿಯಾಗಿ ಎರಡು ಸ್ಥಾಯಿ. ತುದಿಯನ್ನಷ್ಟೇ ನೋಡಿ ಈ ಹಾಡು ಹಿಡಿಯುವವರು ಕೆಳಗಿನ ಅರ್ಧವನ್ನು ಮರೆಯುತ್ತಾರೆ. ತಾಯಿಯೊಬ್ಬಳು ಮಗಳ ಕೈಗೆ ಚೂರಿ ಕೊಟ್ಟು, ವೈರಿ ಸರಾಸ್ತ್ರೊವನ್ನು ಕೊಲ್ಲು, ಇಲ್ಲವಾದರೆ ನೀನು ನನ್ನ ಮಗಳೇ ಅಲ್ಲ ಎನ್ನುವ ಸನ್ನಿವೇಶ. ಆ ಮಾತುಗಳೆಲ್ಲ ಮಧ್ಯಸ್ಥಾಯಿಯಲ್ಲಿವೆ, ಅಲ್ಲಿ ಜರ್ಮನ್ ವ್ಯಂಜನಗಳು ಹಲ್ಲಿನಲ್ಲಿ ಕಡಿದ ಹಾಗೆ ಬರಬೇಕು.

ಪ್ರಸಿದ್ಧ ಚುಚ್ಚು ಸ್ವರಗಳು, ಅಂದರೆ ಸ್ಟಕಾಟೊ, ಬರುವುದು 'ನಿಮ್ಮರ್‌ಮೇರ್' ಎಂಬ ಪದದ ಕೊನೆಯ ಅಕ್ಷರದ ಮೇಲೆ. 'ಇನ್ನೆಂದಿಗೂ ಅಲ್ಲ' ಎಂದು ಅರ್ಥ. ಬರೆದಿರುವ ಅಕ್ಷರ 'ಏ', ಆದರೆ ನಾದತಂತು ಅವರು ಹೇಳಿದ ಕಾರಣಕ್ಕೆ ಅದು ಮೇಲೆ ಹೋದಂತೆ 'ಆ' ಆಗಲೇಬೇಕು. 'ಏ'ಯನ್ನೇ ಹಿಡಿದು ಕೂತರೆ ನಾಲಿಗೆ ಮೇಲೆದ್ದು ಎಫ್6 ಕಿರುಚಾಗುತ್ತದೆ. ಬೀಟ್ ನಿಮಿಷಕ್ಕೆ 140 ಇಟ್ಟರೆ, ಬೀಟ್‌ಗೆ ಎರಡರಂತೆ ಸೆಕೆಂಡಿಗೆ ಐದಕ್ಕೂ ಕಡಿಮೆ ಸ್ವರ. ಅಂದರೆ ಇದು ವೇಗದ ಪರೀಕ್ಷೆಯಲ್ಲ, ಶುರುವಿನ ಶುದ್ಧತೆಯ ಪರೀಕ್ಷೆ. ಪ್ರತಿ ಸ್ವರವೂ ತಾನಾಗಿ ಹುಟ್ಟಿ ಅಲ್ಲೇ ಮುಗಿಯಬೇಕು, ಆದರೆ ನಡುವೆ ಉಸಿರು ಎಳೆಯುವಂತಿಲ್ಲ, ಪಕ್ಕೆಲುಬು ಕುಸಿಯುವಂತಿಲ್ಲ. ಪ್ರತಿ ಸ್ವರಕ್ಕೂ ಹೊಟ್ಟೆ ಗುದ್ದಿದರೆ ಶ್ರುತಿ ಮೇಲಕ್ಕೆ ಹಾರುತ್ತದೆ. ಸ್ಟಕಾಟೊದಲ್ಲಿ ಶ್ರುತಿ ತಗ್ಗುವುದಕ್ಕಿಂತ ಏರುವುದೇ ಹೆಚ್ಚು.

ಸಾಧಿಸುವ ಕ್ರಮ ಇದು. ಆ ಭಾಗವನ್ನು ಮೊದಲು ಒಂದು ಸ್ಥಾಯಿ ಕೆಳಗೆ ಪೂರ್ತಿ ಜೋಡಿಸಿ ಹಾಡಿ. ಆಮೇಲೆ ಅಲ್ಲೇ ಚುಚ್ಚಿ ಹಾಡಿ. ಆಮೇಲೆ ಸ್ವಂತ ಜಾಗದಲ್ಲಿ, ಆದರೆ ನಾಲ್ಕು ಅರ್ಧಸ್ವರ ತಗ್ಗಿಸಿದ ಶ್ರುತಿಯಲ್ಲಿ, ವಾರಕ್ಕೊಂದು ಅರ್ಧಸ್ವರ ಏರಿಸಿ. ಎಫ್6 ದಿನಕ್ಕೆ ಐದಾರು ಸಲ ಸಾಕು. ವೇದಿಕೆಗೆ ಎಫ್ ಬೇಕಾದರೆ ಮನೆಯಲ್ಲಿ ಜಿ6 ಮುಟ್ಟಿ ಬರುವ ಹಾಗಿರಬೇಕು, ಇಲ್ಲದಿದ್ದರೆ ಆ ಎಫ್ ಯಾವ ದಿನ ಕೈಕೊಡುತ್ತದೋ ಹೇಳಲಾಗದು.

ಇದಾದ ಮೇಲೆ 'ಬಾಂಡೆ' ಎಂಬ ಪದದ ಮೇಲೆ ಮೂರು ಮೂರರ ಓಟ ಬರುತ್ತದೆ. ಅದೇ 140ರಲ್ಲಿ ಸೆಕೆಂಡಿಗೆ ಏಳು ಸ್ವರ. ಕೇಳುಗರು ಎಫ್6 ನೆನಪಿಡುತ್ತಾರೆ, ಆದರೆ ಹಾಡುವವರಿಗೆ ನಿಜವಾಗಿ ಕಷ್ಟದ್ದು ಇದು. ಮೂರರ ಮೊದಲ ಸ್ವರಕ್ಕೆ ಸಣ್ಣ ಒತ್ತು ಕೊಡದಿದ್ದರೆ ಓಟ ಮುಂದಕ್ಕೆ ಮುಗ್ಗರಿಸಿ ಆರ್ಕೆಸ್ಟ್ರಾವನ್ನು ಬಿಟ್ಟು ಹೋಗುತ್ತದೆ.

ತಾರಷಡ್ಜ

ತುಂಬ ಉಪಯೋಗದ ವಿವರ. ಒಂದು ಪ್ರಶ್ನೆ ಬಾಕಿ. ನಮ್ಮಲ್ಲಿ ಅಕಾರ ಸಾಧನೆ, ವರ್ಣವನ್ನು ಎರಡು ಮೂರು ಕಾಲದಲ್ಲಿ ಹಾಡುವುದು, ಬಿರ್ಕಾ ಎಲ್ಲ ಇವೆ. ಆ ತಳಹದಿ ಇದ್ದವರು ಇದಕ್ಕೆ ಬಂದರೆ ಏನು ಕೈಹಿಡಿಯುತ್ತದೆ, ಏನು ತಡೆಯುತ್ತದೆ?

ಉಸಿರುತಾಳ

ಕೈಹಿಡಿಯುವುದು ಬಹಳ. ಕಿವಿ, ಲಯ, ಗುಂಪು ಗುಂಪಾಗಿ ಯೋಚಿಸುವ ಅಭ್ಯಾಸ, ಅಕಾರದಲ್ಲಿ ಬಾಯಿ ತೆರೆದಿಡುವುದು. ಒಂದನೇ ಕಾಲದಿಂದ ಎರಡನೇ ಕಾಲಕ್ಕೆ ಅದೇ ತಾಳದಲ್ಲಿ ದುಪ್ಪಟ್ಟು ಹೋಗುವ ಶಿಸ್ತು ಸ್ವರಲಿಪಿ ಸರ್ ಹೇಳಿದ ವಿಧಾನಕ್ಕೆ ತೀರ ಹತ್ತಿರ.

ತಡೆಯುವುದು ಮೂರು. ಒಂದು, ಐದು ಮನೆಯಲ್ಲಿ ಹಾಡುವ ಹೆಣ್ಣು ದನಿ ಎದೆದನಿಯನ್ನು ತಾರಸ್ಥಾಯಿಯೊಳಕ್ಕೂ ಎಳೆದುಕೊಂಡು ಹೋಗುತ್ತದೆ. ಸೊಪ್ರಾನೊ ಆದವಳು ಇ ಫ್ಲ್ಯಾಟ್ 4ರ ಆಸುಪಾಸಿನಲ್ಲೇ ಅದನ್ನು ಬಿಡಲು ಶುರು ಮಾಡಬೇಕು. ಎಫ್5, ಎಫ್ ಶಾರ್ಪ್ 5ರಲ್ಲಿ ಇನ್ನೊಂದು ಕೀಲು ಬರುತ್ತದೆ. ಎದೆದನಿಯನ್ನು ಅಲ್ಲಿಯವರೆಗೆ ಹೊತ್ತು ತಂದರೆ ದನಿ ಒಡೆಯುತ್ತದೆ. ಎರಡು, ಗಮಕದ ಅಭ್ಯಾಸದಿಂದ ಸ್ವರವನ್ನು ಪಕ್ಕದ ಸ್ವರದಿಂದ ಹೊರಟು ಮುಟ್ಟುತ್ತೇವೆ. ನಮ್ಮ ಸಂಗೀತದ ಜೀವವೇ ಅದು. ಆದರೆ ಮೊಟ್ಸಾರ್ಟ್‌ನಲ್ಲಿ ಸ್ವರದ ನಡುಮಧ್ಯಕ್ಕೇ ನೇರ ಇಳಿಯಬೇಕು, ಇಲ್ಲದಿದ್ದರೆ ವಯೊಲಿನ್ ಗುಂಪಿನ ಜೊತೆ ಹೊಂದುವುದಿಲ್ಲ. ಮೂರು, ಕಂಪಿತ ನಾವೇ ಬೇಕೆಂದು ಹಾಕುವುದು, ವೈಬ್ರೆಟೊ ಸಡಿಲ ದನಿಯಲ್ಲಿ ತಾನಾಗಿ ಬರುವುದು. ಕಂಪಿತ ಹಾಕುವ ಕೈಯಿಂದಲೇ ವೈಬ್ರೆಟೊ ಮಾಡಲು ಹೋದರೆ ಗಂಟಲು ಗಟ್ಟಿಯಾಗುತ್ತದೆ.

ಎರಡನ್ನೂ ಒಟ್ಟಿಗೆ ಮುಂದುವರಿಸುವವರು ಒಂದೇ ಹೊತ್ತಿನಲ್ಲಿ ಎರಡೂ ಸಾಧನೆ ಮಾಡಬಾರದು. ನಡುವೆ ಕೆಲವು ಗಂಟೆ ಅಂತರ ಇರಲಿ.

ಮೇಲ್ಮಹಡಿ

ಈ ಮಾತಿಗೆ ಸರಿಯಾದ ಒಂದು ವಿಷಯ. 1977ರಲ್ಲಿ ವೊಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಹೋದ ಚಿನ್ನದ ತಟ್ಟೆಯಲ್ಲಿ ಎಡ್ಡಾ ಮೋಸರ್ ಹಾಡಿದ ಇದೇ ರಾಣಿಯ ಆರಿಯಾ ಇದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ 'ಜಾತ್ ಕಹಾಂ ಹೋ' ಭೈರವಿಯೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಒಂದರಲ್ಲಿ ಚುಚ್ಚಿದ ಸ್ವರ, ಇನ್ನೊಂದರಲ್ಲಿ ಬಿಡದೆ ಸಾಗುವ ಅಕಾರ. ಓಟ ಅನ್ನುವುದಕ್ಕೆ ಎತ್ತರ ಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ನಮ್ಮ ದೇಶದ ಸಂಬಂಧ ಇರುವ ಪಾತ್ರ ಲಕ್ಮೆ. 1883ರಲ್ಲಿ ಪ್ಯಾರಿಸ್‌ನ ಓಪೆರಾ ಕೊಮೀಕ್‌ನಲ್ಲಿ ಮೊದಲು ಆಡಿದ್ದು, ಕಥೆ ನಡೆಯುವುದು ಬ್ರಿಟಿಷ್ ಭಾರತದಲ್ಲಿ. ಲಕ್ಷ್ಮಿ ಎಂಬ ಹೆಸರು ಫ್ರೆಂಚ್ ಬಾಯಲ್ಲಿ ಲಕ್ಮೆ ಆಗಿದೆ, ತಂದೆ ನೀಲಕಂಠ. ಎರಡನೇ ಅಂಕದ ಸಂತೆಯಲ್ಲಿ ಅವಳಿಂದ ಗಂಟೆಯ ಹಾಡು ಹಾಡಿಸುತ್ತಾನೆ, ಅವಳ ಹಿಂದೆ ಬಿದ್ದ ಇಂಗ್ಲಿಷ್ ಅಧಿಕಾರಿ ದನಿ ಕೇಳಿ ಹೊರಗೆ ಬರಲಿ ಎಂದು. ಹಾಡಿನೊಳಗೆ ಹೊಲತಿ ಹುಡುಗಿಯೊಬ್ಬಳು ಗಂಟೆ ಕಟ್ಟಿದ ಕೋಲಿನಿಂದ ಕಾಡುಪ್ರಾಣಿಗಳನ್ನು ತಡೆದು ಅಪರಿಚಿತನನ್ನು ಕಾಪಾಡುತ್ತಾಳೆ, ಆತ ವಿಷ್ಣು. ವಿಷ್ಣು ಬ್ರಹ್ಮನ ಮಗ ಎಂದು ಸಾಹಿತ್ಯದಲ್ಲಿದೆ. ನಮಗೆ ಇದು ತಪ್ಪೆಂದು ಕೂಡಲೇ ತಿಳಿಯುತ್ತದೆ, ಆದರೆ ಸಂಗೀತ ಅಪ್ಪಟ. ಗಾಯಕಿಗೆ ಕಷ್ಟ ಇರುವುದು ಆರಂಭದಲ್ಲೇ: ಅಕ್ಷರವಿಲ್ಲದ ಉದ್ದ ಆಲಾಪ, ವಾದ್ಯದ ಬೆಂಬಲವಿಲ್ಲದೆ. ಅಲ್ಲಿ ಕೂದಲೆಳೆಯಷ್ಟು ಶ್ರುತಿ ಸರಿದರೂ ಆರ್ಕೆಸ್ಟ್ರಾ ಬಂದ ಕ್ಷಣ ಎಲ್ಲರಿಗೂ ಗೊತ್ತಾಗುತ್ತದೆ.

ಸ್ವರಲಿಪಿ

ಲುಚಿಯಾದ ಹುಚ್ಚಿನ ದೃಶ್ಯದ ಬಗ್ಗೆಯೂ ದಾಖಲಾಗಲಿ. ಕೊಳಲಿನ ಜೊತೆ ಗಾಯಕಿ ಒಬ್ಬರನ್ನೊಬ್ಬರು ಹಿಂಬಾಲಿಸುವ ಆ ಉದ್ದ ಕಡೆನ್ಜಾ (ಗಾಯಕಿ ಕೈಚಳಕ ತೋರಿಸುವ ಬಿಡಿ ಭಾಗ) ದೊನಿಜೆಟ್ಟಿ ಬರೆದದ್ದಲ್ಲ. 1835ರ ನೇಪಲ್ಸ್ ಪ್ರದರ್ಶನದಲ್ಲಿ ಅದು ಇರಲೇ ಇಲ್ಲ. 1889ರಲ್ಲಿ ಪ್ಯಾರಿಸ್‌ನಲ್ಲಿ ನೆಲ್ಲಿ ಮೆಲ್ಬಾ ಹಾಡುವಾಗ ಅವರ ಗುರು ಮಟಿಲ್ಡೆ ಮಾರ್ಕೇಸಿ ಹೆಣೆದದ್ದು. ಹಸ್ತಪ್ರತಿಯಲ್ಲಿ ಕೊಳಲಿನ ಜಾಗಕ್ಕೆ ದೊನಿಜೆಟ್ಟಿ ಮೊದಲು ಯೋಚಿಸಿದ್ದು ಗಾಜಿನ ಹಾರ್ಮೋನಿಕ, ಒದ್ದೆ ಬೆರಳಿನಿಂದ ಗಾಜಿನ ಬಟ್ಟಲುಗಳನ್ನು ಉಜ್ಜಿ ನುಡಿಸುವ ವಾದ್ಯ. ಶ್ರುತಿಯೂ ಮೂಲದಲ್ಲಿ ಎಫ್ ಮೇಜರ್, ಅಚ್ಚಿನಲ್ಲಿ ಇ ಫ್ಲ್ಯಾಟ್‌ಗೆ ಇಳಿಯಿತು. ಕೊನೆಯಲ್ಲಿ ಕೇಳುವ ಇ ಫ್ಲ್ಯಾಟ್ 6 ಕೂಡ ಗಾಯಕಿಯರು ಸೇರಿಸಿದ್ದು.

ಕೊಳಲಿನ ಜೊತೆ ಹಾಡುವವರಿಗೆ ಒಂದು ಎಚ್ಚರಿಕೆ. ಕೊಳಲು ಬಿಸಿಯಾದಂತೆ ಶ್ರುತಿ ಏರುತ್ತದೆ, ದಣಿದ ದನಿ ತಗ್ಗುತ್ತದೆ. ರಿಹರ್ಸಲ್‌ನಲ್ಲಿ ಈ ಭಾಗವನ್ನು ಮೊದಲಿಗೇ ಹಾಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಹಿಂದಿನ ಇಪ್ಪತ್ತು ನಿಮಿಷ ಹಾಡಿದ ಮೇಲೇ ಹಾಡಿ ನೋಡಬೇಕು.

ಸ್ಟ್ರೌಸ್ ತನ್ನ ಬರಹವನ್ನು ತಾನೇ ತಿದ್ದಿದ. ಜರ್ಬಿನೆಟ್ಟಾಳ ಆರಿಯಾ 1912ರಲ್ಲಿ ಎಫ್ ಶಾರ್ಪ್ 6ರ ತನಕ ಹೋಗುತ್ತಿತ್ತು. 1916ರಲ್ಲಿ ಆ ಭಾಗವನ್ನು ಒಂದು ಪೂರ್ಣ ಸ್ವರ ಇಳಿಸಿ, ಕತ್ತರಿಸಿ ಗಿಡ್ಡ ಮಾಡಿದ. ಇಳಿಸಿದ ಮೇಲೂ ಹತ್ತು ನಿಮಿಷ ದಾಟುತ್ತದೆ.

ನಾದತಂತು

ಅಪಾಯದ ಗುರುತುಗಳನ್ನೂ ಬರೆದುಬಿಡುತ್ತೇನೆ, ಇದನ್ನು ಓದಿ ಯಾರಾದರೂ ಮನೆಯಲ್ಲೇ ಎಫ್6 ಹುಡುಕಲು ಹೊರಡಬಹುದು.

ಹಾಡಿದ ಮರುದಿನ ಬೆಳಗ್ಗೆ ಮೆಲ್ಲಗೆ, ಬಹಳ ಸಣ್ಣ ದನಿಯಲ್ಲಿ ಡಿ5ರಿಂದ ಜಿ5ರ ತನಕ 'ಊ' ಎಂದು ಹಾಡಿ ನೋಡಿ. ಜೋರಾಗಿ ಬಂದು ಸಣ್ಣದಾಗಿ ಬರದಿದ್ದರೆ, ಅಥವಾ ಶುರುವಾಗುವ ಮೊದಲು ಒಂದು ಕ್ಷಣ ಬರೀ ಗಾಳಿ ಬಂದರೆ, ತಂತುಗಳು ಊದಿವೆ. ಆ ದಿನ ತುದಿ ಮುಟ್ಟಬೇಡಿ. ಜೋರು ದನಿ ಊತವನ್ನು ಮುಚ್ಚಿಡುತ್ತದೆ, ಸಣ್ಣ ದನಿ ಮುಚ್ಚಿಡುವುದಿಲ್ಲ. ದನಿ ಒರಟು ಎರಡು ವಾರ ದಾಟಿದರೆ ಮನೆಮದ್ದು ಬಿಟ್ಟು, ಸ್ಟ್ರೋಬೋಸ್ಕೋಪ್ (ತಂತುಗಳ ಕಂಪನವನ್ನು ನಿಧಾನವಾಗಿ ತೋರಿಸುವ ಮಿನುಗು ದೀಪ) ಇರುವ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ತಂತುಗಳನ್ನು ತೋರಿಸಬೇಕು. ಹಾಡಿನ ನಡುವೆ ದನಿ ಥಟ್ಟನೆ ಹೋಗಿಬಿಟ್ಟರೆ ಅದೇ ದಿನ ತೋರಿಸಿ, ತಂತುವಿನಲ್ಲಿ ರಕ್ತನಾಳ ಒಡೆದಿರಬಹುದು. ಅಂಥ ಹೊತ್ತಿನಲ್ಲಿ ಪಿಸುಮಾತೂ ಬೇಡ, ಹಾಡು ಪೂರ್ತಿ ನಿಲ್ಲಿಸಿ. ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುವುದರಿಂದ, ಹಾಡುವವರು ನೋವಿಗೆಂದು ಅದನ್ನು ತಾವಾಗಿ ನುಂಗುವುದು ಒಳ್ಳೆಯದಲ್ಲ. ಹೃದಯಕ್ಕೆಂದು ಡಾಕ್ಟರು ಬರೆದಿದ್ದರೆ ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.

ರಿಹರ್ಸಲ್‌ನಲ್ಲಿ ಪ್ರತಿ ಸಲ ಪೂರ್ಣ ದನಿ ಬೇಡ. ತುದಿಯ ಸ್ವರಗಳನ್ನು ಒಂದು ಸ್ಥಾಯಿ ಕೆಳಗೆ ಹಾಡುವುದು ಈ ವೃತ್ತಿಯಲ್ಲಿ ಎಲ್ಲರೂ ಒಪ್ಪಿದ ರೀತಿ. ಮುನ್ಸೂಚನೆ ಕೊಟ್ಟು ಹಾಡಿದರೆ ಯಾವ ನಿರ್ದೇಶಕರೂ ಬೇಸರ ಮಾಡಿಕೊಳ್ಳುವುದಿಲ್ಲ.

ತಾರಷಡ್ಜ

ಸ್ವರಲಿಪಿ ಸರ್, ರಾಣಿಯ ಆರಿಯಾದ ಕೊನೆಯ ಬಗ್ಗೆ ನೀವು ಬರೆಯಲಿಲ್ಲ. ಓಟ ಮುಗಿದ ಮೇಲೆ ಅಲ್ಲಿ ಏನು ನೋಡಿಕೊಳ್ಳಬೇಕು?

ಸ್ವರಲಿಪಿ

ಒಳ್ಳೆಯದು, ಅದು ಬಿಟ್ಟುಹೋಗಿತ್ತು. ಕೊನೆಯಲ್ಲಿ ಓಟವೂ ಇಲ್ಲ, ಎಫ್6 ಕೂಡ ಇಲ್ಲ. 'ಹೋರ್ಟ್' ಎಂಬ ಒಂದೇ ಪದ ಮತ್ತೆ ಮತ್ತೆ: ಕೇಳಿ, ಕೇಳಿ, ಕೇಳಿ, ಸೇಡಿನ ದೇವತೆಗಳೇ, ತಾಯಿಯ ಶಪಥ ಕೇಳಿ. ಇಲ್ಲಿ ವಾದ್ಯವೃಂದ ತುಂಬಿ ನುಡಿದು ಅವಳಿಗೆ ಜಾಗ ಬಿಡುತ್ತದೆ, ದನಿ ತುಂಬುಗಾತ್ರದಲ್ಲಿ ನಿಲ್ಲಬೇಕು. ಎಫ್6ಗಾಗಿ ತೆಳ್ಳಗೆ ಮಾಡಿಕೊಂಡ ದನಿಯನ್ನು ಕೂಡಲೇ ಅಗಲಿಸಲು ಬಾರದವರು ಇಲ್ಲಿ ಸಣ್ಣಗೆ ಕೇಳುತ್ತಾರೆ, ಮೂರು ನಿಮಿಷದ ಕೋಪ ಇಲ್ಲೇ ಸೋರಿಹೋಗುತ್ತದೆ. ಓಟ ಮುಗಿದ ತಕ್ಷಣ ಒಂದು ಪೂರ್ಣ ಉಸಿರಿಗೆ ಜಾಗ ಗುರುತು ಹಾಕಿಕೊಳ್ಳಿ. ಅಭ್ಯಾಸವನ್ನು ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಡಿ. ವಾರದಲ್ಲಿ ಎರಡು ದಿನ ಈ ಕೊನೆಯ 'ಹೋರ್ಟ್'ಗಳನ್ನು ಮೊದಲು ಹಾಡಿ, ಅದರ ಹಿಂದಿನ ಮೂರರ ಓಟ ಸೇರಿಸಿ, ಆಮೇಲೆ ಅದರ ಹಿಂದಿನದು. 'ಹೋರ್ಟ್' ಪದದ ಕೊನೆಯ 'ಟ್' ಮೂರು ಸಲವೂ ಕಡೆಯ ಸಾಲಿನ ಆಸನಕ್ಕೆ ಕೇಳಬೇಕು.